ಬಿಂದಿಗೆಯ ಕೆಳಗಿನ ರಬ್ಬರ್ ಸಿಂಬೆ

ಮೊನ್ನೆ ಬೆಳಗ್ಗೆ ನನ್ನ ಸೊಸೆ ಸೌಮ್ಯ ಅಡುಗೆಮನೆ ಓರಣ ಮಾಡುತ್ತಾ ತಾಮ್ರದ ಬಿಂದಿಗೆಯನ್ನು ಇಳಿಸಿ, ಅದರ ಕೆಳಗಿದ್ದ ಸಿಂಬೆಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದಳು. "ಅತ್ತೆ, ಇದು ಒಂಥರಾ ವಾಸನೆ ಬರ್ತಿದೆ. ಎಸೆದ್ಬಿಡ್ಲಾ? ಸ್ಟೀಲ್ ಸ್ಟ್ಯಾಂಡ್ ತಂದಿದೀನಿ."

ಅದು ಹುಲ್ಲಿನ ಸಿಂಬೆಯಲ್ಲ, ಬಟ್ಟೆಯದೂ ಅಲ್ಲ. ತಿಂಡಿ ತಟ್ಟೆಯಷ್ಟು ಅಗಲದ ಕಪ್ಪು ರಬ್ಬರ್ ಬಳೆ. ಮೂಗಿನ ಹತ್ತಿರ ಹಿಡಿದೆ. ಬೆಂದ ರಬ್ಬರಿನ ಹಳೆಯ ವಾಸನೆ ಇನ್ನೂ ಇತ್ತು. "ಎಸೀಬೇಡ ಕಣೇ, ಇದಕ್ಕೊಂದು ಕತೆ ಇದೆ" ಅಂದೆ. ನನ್ನ ಹತ್ತಿರ ಸೌಟಿಗೂ ಒಂದು ಕತೆ ಇರುತ್ತದೆಂದು ಬಲ್ಲ ಅವಳು ಕುಕ್ಕರ್ ಇಡಲು ಹೋದಳು. ನಿಮಗೆ ಸದ್ಯಕ್ಕೆ ಕುಕ್ಕರ್ ಇಡುವ ಕೆಲಸವಿಲ್ಲವೆಂದು ನಂಬಿ ನಿಮಗೇ ಹೇಳುತ್ತೇನೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿ ನನ್ನ ಅಣ್ಣ ಮತ್ತು ಗಿರಿಜತ್ತಿಗೆಯ ಶೆಡ್ಡಿದೆ. ಲಾರಿಗಳಲ್ಲಿ, ಪಂಪುಗಳಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳನ್ನು ಅಲ್ಲಿ ಅಚ್ಚಿನಲ್ಲಿಟ್ಟು ಬೇಯಿಸುತ್ತಾರೆ. ಓಡಾಟ ಅಣ್ಣನದು, ರಬ್ಬರಿನ ಹದ ಅತ್ತಿಗೆಯದು. ಯಾವ ಪುಡಿ ಎಷ್ಟು, ಶಾಖ ಎಷ್ಟು ಎಂಬುದನ್ನೆಲ್ಲ ಅವರು ಸಾರಿನ ಹದದ ಹಾಗೇ ಮಾತಾಡುತ್ತಿದ್ದರು. ಹೊಸ ಹದ ಹಾಕಿದಾಗಲೆಲ್ಲ ಬಳೆಯ ಒಳಬದಿಯಲ್ಲಿ ರಂಗೋಲಿಗೆ ಇಡುವ ಹಾಗೆ ಚುಕ್ಕಿಗಳನ್ನು ಒತ್ತುತ್ತಿದ್ದರು. ಚುಕ್ಕಿ ನೋಡಿದರೆ ಯಾವ ಹದವೆಂದು ಹೇಳುತ್ತಿದ್ದರು.

ಕೆಲಸ ಕೊಡುತ್ತಿದ್ದ ದೊಡ್ಡ ಕಂಪನಿ ಬೇರೆ ರಾಜ್ಯಕ್ಕೆ ಹೊರಟುಹೋದ ಮೇಲೆ ಶೆಡ್ಡಿನ ಸದ್ದು ಕಡಿಮೆಯಾಯಿತು. ಆ ಜಾಗದಲ್ಲಿ ಪಾರ್ಟಿ ಹಾಲ್ ಕಟ್ಟುತ್ತೇನೆಂದು ಒಬ್ಬರು ಹೂವಿನ ಹಾರದ ಜೊತೆಗೇ ಬಂದು ಕೂರತೊಡಗಿದರು. ಅಣ್ಣ ಒಪ್ಪಿಯೇ ಬಿಟ್ಟಿದ್ದ. "ಸಾಕು ಕಣೇ ಗಿರಿಜಾ, ಕೊಟ್ಬಿಡೋಣ" ಎಂದರೆ ಅತ್ತಿಗೆ, "ಆ ಬೆಟ್ಟದ ಬಳೆ ಒಂದು ಆಗ್ಲಿ ರೀ, ಆಮೇಲೆ ನೋಡೋಣ" ಅನ್ನುತ್ತಿದ್ದರು.

ಬೆಟ್ಟದ ಬಳೆಯೆಂದರೆ, ಸರ್ಕಾರದ ಸಂಶೋಧನಾಲಯವೊಂದಕ್ಕೆ ಬೇಕಾಗಿದ್ದ ಬಳೆ. ಹಿಮ ಬೀಳುವ ಬೆಟ್ಟಗಳಲ್ಲಿ ನಿಲ್ಲುವ ಒಂದು ಯಂತ್ರಕ್ಕೆ ಅದನ್ನು ಹಾಕಬೇಕು. ಕೊರೆವ ಚಳಿಯಲ್ಲಿ ಗಟ್ಟಿಯಾಗಬಾರದು, ಎಣ್ಣೆಯಲ್ಲಿ ಉಬ್ಬಬಾರದು. ಚಳಿಗೆ ಒಗ್ಗಿದ ರಬ್ಬರು ಎಣ್ಣೆಗೆ ಒಗ್ಗುವುದಿಲ್ಲ, ಎಣ್ಣೆಗೆ ಒಗ್ಗಿದ್ದು ಚಳಿಗೆ ಒಗ್ಗುವುದಿಲ್ಲ. ಅತ್ತೆ ಸೊಸೆಯರ ಹಾಗೆ ಎಂದು ಬರೆಯಹೊರಟಿದ್ದೆ, ಸೌಮ್ಯ ಓದುತ್ತಾಳೆಂದು ನೆನಪಾಯಿತು. ಸಣ್ಣ ಉದ್ಯಮಿಗಳ ಸಭೆಯೊಂದರಲ್ಲಿ ಅತ್ತಿಗೆ ಇದನ್ನು ಕೇಳಿ ಬಂದಿದ್ದರು. ಬೇಕಾದ ಬಳೆಗಳು ಬಹಳ ಕಡಿಮೆ, ಅಷ್ಟಕ್ಕೆ ಅಚ್ಚು ಮಾಡಿಸಲು ದೊಡ್ಡ ಕಂಪನಿಗಳಿಗೆ ಪುರಸೊತ್ತಿಲ್ಲ. ಯಾರೂ ಮುಂದೆ ಬರದೆ ಆ ಪ್ರಕಟಣೆ ಹಳೆಯದಾಯಿತು, ಕೆಲವು ವರ್ಷ ಬಿಟ್ಟು ಮತ್ತೆ ಬಂತು. ಈ ಮಧ್ಯೆ ಅತ್ತಿಗೆ, ಯಾರೂ ಕೇಳದಿದ್ದರೂ, ತಮ್ಮ ಪಾಡಿಗೆ ತಾವು ಹದ ಹಾಕುತ್ತಲೇ ಇದ್ದರು. ಬಳೆಗಳು ಕೆಡುತ್ತಲೇ ಇದ್ದವು.

ಒಮ್ಮೆ ಬೆಂದ ರಬ್ಬರನ್ನು ಮತ್ತೆ ಕರಗಿಸಲಾಗುವುದಿಲ್ಲವಂತೆ, ಗುಜರಿಯವನೂ ಮುಟ್ಟುವುದಿಲ್ಲ. ಹೀಗಾಗಿ ಕೆಟ್ಟ ಬಳೆಗಳು ಅಣ್ಣನ ಮನೆಯೂ ಇರುವ ಬಸವೇಶ್ವರನಗರದ ನಮ್ಮ ಬೀದಿಗೆ ಅರಿಸಿನ ಕುಂಕುಮದ ಜೊತೆಗಿಡುವ ಬಾಳೆಹಣ್ಣಿನ ಹಾಗೆ ಹಂಚಿಹೋಗುತ್ತಿದ್ದವು. ನನ್ನ ಬಿಂದಿಗೆಗೆ ಸಿಂಬೆಯಾಯಿತು. ಎದುರು ಮನೆಯ ಜಯಮ್ಮ ಎಣ್ಣೆ ಡಬ್ಬದ ಕೆಳಗೊಂದು, ಫ್ರಿಜ್ಜಿನ ಫ್ರೀಜರಿನಲ್ಲಿ ಐಸ್ ಟ್ರೇ ಅಂಟದಿರಲೆಂದು ಒಂದು ಇಟ್ಟರು. ಯಾರದೋ ತುಳಸಿ ಕುಂಡ, ಯಾರದೋ ಗೇಟು. ಬೀದಿಯಲ್ಲಿ ರಬ್ಬರಿಲ್ಲದ ಮನೆಯೇ ಇರಲಿಲ್ಲ.

ಎರಡನೇ ಸಲ ಪ್ರಕಟಣೆ ಬಂದಾಗ ಅರ್ಜಿಯ ಇಂಗ್ಲಿಷ್ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ನಾನು ಕಾಗದ ಬರೆಯುವುದರಲ್ಲಿ ಹೆಸರು ಮಾಡಿದ್ದೆ, ಅಥವಾ ಹಾಗೆಂದು ನಾನೇ ಮನೆಯವರಿಗೆಲ್ಲ ಹೇಳಿಕೊಂಡಿದ್ದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಅದೇ ಧಾಟಿಯಲ್ಲಿ ಬರೆದೆ. ಶೆಡ್ಡು ನೋಡಲು ವಿಜ್ಞಾನಿಯೊಬ್ಬರು ಬರುತ್ತಾರೆಂದು ತಿಳಿದಾಗ ಮನೆಮಂದಿಯೆಲ್ಲ ಹೆಣ್ಣು ನೋಡಲು ಬರುವವರಿಗೆ ಮಾಡುವ ತಯಾರಿಯನ್ನೇ ಮಾಡಿದೆವು. ಸುಣ್ಣ ಬಳಿದೆವು, ರಬ್ಬರು ಒತ್ತಿ ಬೇಯಿಸುವ ಪ್ರೆಸ್ಸಿಗೆ ಹೂವು ಮುಡಿಸಿದೆವು, ಉಪ್ಪಿಟ್ಟು ಕೇಸರಿಭಾತು ಮಾಡಿದೆವು. ಶೆಡ್ಡಿನಲ್ಲಿ ಉಳಿದಿದ್ದ ಕೆಟ್ಟ ಬಳೆಗಳನ್ನೂ ಒಂದೂ ಬಿಡದೆ ಬೀದಿಗೆ ಸಾಗಿಸಿದೆವು.

ವಿಜ್ಞಾನಿ ನರೆತ ಕೂದಲಿನ, ಮೆಲುದನಿಯ ಮನುಷ್ಯ. ಕೇಸರಿಭಾತು ತಿಂದರು. ಅತ್ತಿಗೆ ಬೆಳ್ಳಿ ತಟ್ಟೆಯಲ್ಲಿಟ್ಟು ತಂದ ಒಂದೇ ಒಂದು ಒಳ್ಳೆಯ ಬಳೆಯನ್ನು ನೋಡಿದರು.

"ಚೆನ್ನಾಗಿದೆ. ಕೆಟ್ಟಿರೋದು ಎಲ್ಲಿ?"

"ನಮ್ಮಲ್ಲಿ ಯಾವುದೂ ಕೆಟ್ಟಿಲ್ಲ ಸಾರ್" ಎಂದ ಅಣ್ಣ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾದ್ರೆ ಕಷ್ಟ. ಇದು ಮಾಲು ಕೊಳ್ಳೋ ಕೆಲಸ ಅಲ್ಲ ಸಾರ್, ಹುಡುಕೋ ಕೆಲಸ. ಏನೂ ಕೆಟ್ಟಿಲ್ಲ ಅಂದ್ರೆ ನೀವು ಹುಡುಕೇ ಇಲ್ಲ ಅಂತ ಬರ್ಕೋಬೇಕಾಗತ್ತೆ ನಾನು."

ಅಣ್ಣನ ಮುಖ ನೋಡಲಾಗಲಿಲ್ಲ. ಶೆಡ್ಡು ಪಾರ್ಟಿ ಹಾಲಿನವರ ಪಾಲಾಯಿತು ಎಂದೇ ನಾನು ಅಂದುಕೊಂಡೆ. ಅತ್ತಿಗೆ ಮಾತ್ರ ಸೆರಗು ಸಿಕ್ಕಿಸಿಕೊಂಡು, "ಸಾರ್, ಕೆಟ್ಟಿದ್ದೆಲ್ಲಾ ನಮ್ ಬೀದೀಲಿದೆ. ಬರ್ತೀರಾ?" ಅಂದರು.

ಅವರು ಬಂದೇಬಿಟ್ಟರು. ಜಯಮ್ಮನ ಅಡುಗೆಮನೆಯಲ್ಲಿ ಮಂಡಿಯೂರಿ ಎಣ್ಣೆ ಡಬ್ಬ ಎತ್ತಿದರು.

"ಅಯ್ಯೋ ಬೇಡಿ ಸಾರ್, ಬರೀ ಜಿಡ್ಡು, ಕೈ ಗಲೀಜಾಗತ್ತೆ."

"ಆ ಜಿಡ್ಡೇ ಬೇಕಾಗಿರೋದು ತಾಯಿ. ಎಷ್ಟು ದಿನದಿಂದ ಇದೆ ಇಲ್ಲಿ?"

"ನಮ್ಮ ಹುಡುಗಿ ಬಾಣಂತನಕ್ಕೆ ಬಂದಾಗ ಇಟ್ಟಿದ್ದು. ಮಗೂಗೆ ಈಗ ಸ್ಕೂಲು."

ಫ್ರೀಜರಿನ ಬಳೆಯನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿದರು, ಬಾಗಿಸಿದರು. ಅದು ಬಾಗಿತು. ಅತ್ತಿಗೆ ಒಳಬದಿಯ ಚುಕ್ಕಿ ನೋಡಿ ಯಾವ ಹದ, ಏನು ಹಾಕಿದ್ದೆ, ಯಾಕೆ ಬೇಡವೆಂದು ಬಿಟ್ಟೆ ಎಂದು ಹೇಳಿದರು. ಹೀಗೆ ಮನೆಯಿಂದ ಮನೆಗೆ. ಬಿಸಿಲಿಗೆ ಸುಕ್ಕಾದದ್ದು, ಬಚ್ಚಲ ಬಿಸಿನೀರಿಗೆ ಮೆತ್ತಗಾದದ್ದು, ಎಲ್ಲವೂ ನಮ್ಮ ಜಗಲಿಗೆ ಬಂದು ಚುಕ್ಕಿಗಳ ಕ್ರಮದಲ್ಲಿ ಸಾಲಾಗಿ ಕೂತವು. ಒಂದು ಹದದಿಂದ ಇನ್ನೊಂದಕ್ಕೆ ಅತ್ತಿಗೆ ಹೇಗೆ ನಡೆದು ಬಂದರೆಂಬುದು ನನ್ನಂಥವಳಿಗೂ ಕಾಣುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವೆಲ್ಲ ಗೇಲಿ ಮಾಡಿದ್ದ ಬಳೆಗಳು ಅವು. ದಿನಾ ಬೆಳಗ್ಗೆ ನೀರು ತುಂಬುತ್ತಿದ್ದ ನನ್ನ ಕಟ್ಟೆಯ ಮೇಲೂ ಒಂದು ಪರೀಕ್ಷೆ ನಡೆಯುತ್ತಿತ್ತೆಂದರೆ! ಬೆರಗು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ನೆನಪು ನನ್ನಲ್ಲಿಲ್ಲ.

ವಿಜ್ಞಾನಿ ಜಗಲಿಯ ಮೇಲೆ ಕೂತು ಒಂದೊಂದು ಬಳೆಯನ್ನೂ ಮತ್ತೆ ಒತ್ತಿ ನೋಡಿದರು. "ನಮ್ಮಲ್ಲಿ ಪರೀಕ್ಷೆ ಮಾಡೋ ಯಂತ್ರ ಇದೆ ಅಮ್ಮಾ" ಎಂದರು ಕೊನೆಗೆ, "ಇಷ್ಟು ವರ್ಷ ಕಾದು ನೋಡಿದ್ದು ಮಾತ್ರ ಇರಲಿಲ್ಲ."

ಕೆಲಸ ಸಿಕ್ಕಿತು. ಸರಿಯಾದ ಬಳೆ ಬರುವವರೆಗೆ ಕೆಡಿಸುತ್ತಾ ಹೋಗಲು ಸರ್ಕಾರವೇ ಒಪ್ಪಂದ ಮಾಡಿಕೊಳ್ಳುತ್ತದೆ ಎಂಬುದನ್ನು ನಂಬಲು ಅಣ್ಣನಿಗೆ ಬಹಳ ದಿನ ಹಿಡಿಯಿತು. ಬಳೆ ಬೆಟ್ಟ ಹತ್ತಿತು. ಪಾರ್ಟಿ ಹಾಲ್ ಪಕ್ಕದ ಜಾಗದಲ್ಲಿ ಎದ್ದಿತು. ಅಲ್ಲಿಯ ವಾಲಗಕ್ಕೂ ಶೆಡ್ಡಿನ ಪ್ರೆಸ್ಸಿಗೂ ಈಗ ಪೈಪೋಟಿ.

ಮೊನ್ನೆ ಮಧ್ಯಾಹ್ನ ಸಿಂಬೆಯನ್ನು ಚೀಲಕ್ಕೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಅತ್ತಿಗೆಗೆ ಈಗ ಮಂಡಿ ನೋವು, ಸ್ಟೂಲಿನ ಮೇಲೆ ಕೂತೇ ಕೆಲಸ. ಬಳೆಯನ್ನು ತಿರುಗಿಸಿ ನೋಡಿದರು. ಒಂದೇ ಚುಕ್ಕಿ.

"ನನ್ನ ಮೊದಲನೇ ಹದ ಕಣೇ ಇದು. ಚಳಿಗೆ ಕಲ್ಲಾಗಿಬಿಡ್ತಿತ್ತು." ಹೆಬ್ಬೆರಳಿನಿಂದ ಒತ್ತಿದರು. ಮತ್ತೆ ಒತ್ತಿದರು. "ಇಷ್ಟು ವರ್ಷ ಒದ್ದೇಲೇ ಇತ್ತಾ?"

"ಆವತ್ತು ಜಗಲಿಗೆ ಬಂದಿದ್ದು ಬಿಟ್ರೆ ಬಿಂದಿಗೆ ಕೆಳಗೇ ಅತ್ತಿಗೆ. ಒಣಗಿದ್ದೇ ಇಲ್ಲ."

"ಒಂಚೂರೂ ಕೆಟ್ಟಿಲ್ಲ ನೋಡು. ನೀರೊಳಗೇ ಇರೋ ಯಂತ್ರಕ್ಕೆ ಬಳೆ ಬೇಕು ಅಂತ ಹೊಸಾ ಪ್ರಕಟಣೆ ಬಂದಿದೆ. ಎಲ್ಲಿಂದ ಶುರು ಮಾಡೋದು ಅಂತ ಯೋಚನೆ ಮಾಡ್ತಾ ಕೂತಿದ್ದೆ." ಬಳೆಯನ್ನು ಮಡಿಲಲ್ಲಿಟ್ಟುಕೊಂಡರು. ಅದರ ಬದಲಿಗೆ ಹಿಂದಿನ ದಿನವಷ್ಟೇ ಕೆಟ್ಟ ಇನ್ನೊಂದನ್ನು ಕೊಟ್ಟರು.

ಮನೆಗೆ ಬಂದು ಸೌಮ್ಯಳಿಗೆ ಕತೆ ಹೇಳಿದೆ. ಈ ಸಲ ಅವಳು ಒಲೆ ಆರಿಸಿ ಕೂತು ಕೇಳಿದಳು. ಹೊಸ ಬಳೆಯನ್ನು ಕೈಗೆ ತೆಗೆದುಕೊಂಡು ಒಳಬದಿಯ ಚುಕ್ಕಿಗಳ ಮೇಲೆ ಬೆರಳಾಡಿಸಿದಳು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು. ಆಮೇಲೆ ಸ್ಟೀಲ್ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ ಬಳೆಯನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಬಿಂದಿಗೆ ಕೂರಿಸಿದಳು.

"ಇದು ಯಾವುದಕ್ಕೆ ಬೇಕಾಗತ್ತೆ ಅತ್ತೆ?"

"ಯಾರಿಗ್ಗೊತ್ತು ಕಣೇ. ನೀರು ತುಂಬಿಸು."