ತಿರುಗಿಸಿ ಹಾಕಿದ ವೈರು

ಸುಂಟಿಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನನ್ನ ರೇಡಿಯೊ ರಿಪೇರಿ ಅಂಗಡಿ ಇತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎಂಟೊಂಬತ್ತು ವರ್ಷ ಆಗಿತ್ತೇನೋ. ರೇಡಿಯೊ ಕೆಟ್ಟರೂ, ಮದುವೆಗೆ ಮೈಕ್ ಬೇಕಾದರೂ ಆ ರಸ್ತೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನನ್ನ ಗೆಳೆಯನೊಬ್ಬ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಊರಿನವರೂ ಅವನನ್ನು ರೈಟರ್ ಅಂತಲೇ ಕರೆಯುತ್ತಿದ್ದರು. ಬೆಂಗಳೂರಿನ ಹೋಟೆಲೊಂದರಲ್ಲಿ ವಾದ್ಯ ನುಡಿಸುತ್ತಿದ್ದ ಅವನ ಚಿಕ್ಕಪ್ಪ, ಕೈ ನಡುಗಲು ಶುರುವಾದಾಗ ತಮ್ಮ ಬೇಸ್ ಗಿಟಾರನ್ನು ಇವನಿಗೆ ಕೊಟ್ಟುಬಿಟ್ಟಿದ್ದರು. ನಾಲ್ಕು ದಪ್ಪ ತಂತಿ, ಎದೆಗೆ ತಾಗುವ ಸ್ವರ. ಎಸ್ಟೇಟಿನ ಮೂರು ಮತ್ತೊಂದು ಜನ ಸೇರಿ ಬ್ಯಾಂಡ್ ಕಟ್ಟಿಕೊಂಡರು. ಆಂಪ್ಲಿಫೈಯರ್ ನನ್ನ ಮೈಕ್ ಸೆಟ್ಟಿನದು. ಸ್ಪೀಕರ್ ಪೆಟ್ಟಿಗೆಯನ್ನು ಹಲಸಿನ ಹಲಗೆಯಲ್ಲಿ ನಾನೇ ಮಾಡಿದೆ. ಹತ್ತಿಂಚಿನ ಎರಡು ಸ್ಪೀಕರ್ ಅದರಲ್ಲಿ. ಮಾಡುವಾಗ ಒಂದು ಸ್ಪೀಕರಿನ ವೈರನ್ನು ಗೊತ್ತಿಲ್ಲದೆ ತಿರುಗಿಸಿ ಹಾಕಿ ಎಂಟು ದಿನ ಒದ್ದಾಡಿದ್ದೆ. ಒಂದರ ಸದ್ದು ಹೊರಡಿಸುವ ಕಾಗದ ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಎಳೆಯುತ್ತಿತ್ತು. ದಪ್ಪ ಸ್ವರವೆಲ್ಲ ಅಲ್ಲೇ ಸತ್ತುಹೋಗುತ್ತಿತ್ತು. ಕಡೆಗೆ ಟಾರ್ಚಿನ ಸೆಲ್ಲು ಮುಟ್ಟಿಸಿ, ಕಾಗದ ಯಾವ ಕಡೆ ಸರಿಯುತ್ತದೆ ಅಂತ ನೋಡಿ ಕಂಡುಹಿಡಿದೆ. ಆ ಒದ್ದಾಟದ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆ.

ಎರಡು ವರ್ಷ ರೈಟರ್ ಪ್ರತಿ ಭಾನುವಾರ ನನ್ನ ಅಂಗಡಿಯಲ್ಲೇ ಇರುತ್ತಿದ್ದ. ಆಮೇಲೆ ಹವಾಲ್ದಾರರು ಬಂದರು.

ಅವರು ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದ ಕೊಡವರು. ನನಗಿಂತ ಹತ್ತು ವರ್ಷ ದೊಡ್ಡವರು. ಇಸ್ತ್ರಿ ಮಾಡಿದ ಅಂಗಿ, ಮಾತಿನ ನಡುವೆ ಹಿಂದಿ. ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರೂ ಒಂದು ಅಂಗಡಿ ತೆರೆದರು. ಬೋರ್ಡ್ ಹಾಕಿದ ದಿನ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಗಿರಾಕಿಗಳು ಆ ಕಡೆ ಹೋದದ್ದನ್ನು ಹೇಗೋ ಸಹಿಸಿಕೊಂಡೆ. ಒಂದು ಭಾನುವಾರ ರೈಟರ್ ನನ್ನ ಅಂಗಡಿಯ ಮುಂದೆಯೇ ಹಾದು, ಒಳಗೆ ಬರದೆ ಅಲ್ಲಿಗೆ ಹೋದದ್ದನ್ನು ಸಹಿಸಲಿಕ್ಕಾಗಲಿಲ್ಲ. ಕೈಯಲ್ಲಿದ್ದ ರೇಡಿಯೊಗೆ ಬೆಸುಗೆ ಹಾಕುತ್ತಾ ಕುಳಿತೆ. ಬೆರಳು ಸುಟ್ಟಿತು.

ಸಂಜೆ ಅವನೇ ಬಂದ. "ಹವಾಲ್ದಾರರು ಹದಿನೈದಿಂಚಿನ ಸ್ಪೀಕರ್ ತರಿಸಿದ್ದಾರೆ ಮಾರಾಯ. ಪೆಟ್ಟಿಗೆ ನೋಡಬೇಕು ನೀನು, ಬೀರುವಿನ ಹಾಗಿದೆ."

"ಹಾಗಾದರೆ ನನ್ನದು ಬೇಡ ಅನ್ನು."

"ಹಾಗೆಲ್ಲಿ ಹೇಳಿದೆ? ನಿನ್ನ ಪೆಟ್ಟಿಗೆಯಲ್ಲಿ ತಂತಿ ಮೀಟಿದ್ದು ಬಿಡಿಬಿಡಿಯಾಗಿ ಕೇಳುತ್ತೆ. ಅವರದರಲ್ಲಿ ನೆಲ ಅದುರುತ್ತೆ. ಎರಡನ್ನೂ ಒಟ್ಟಿಗೆ ಇಟ್ಟರೆ ಹೇಗಿರಬಹುದು, ಯೋಚಿಸು. ಸೋಮವಾರಪೇಟೆಯ ಮದುವೆಗೆ ಮುಂಚೆ ಒಮ್ಮೆ ನೋಡಿಬಿಡುವ."

ನೆಲ ಅದುರುತ್ತೆ ಅಂದದ್ದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಮುಂದಿನ ಭಾನುವಾರ ಎಸ್ಟೇಟಿನ ಕಣದಲ್ಲಿ ಪರೀಕ್ಷೆ. ಕಾಫಿ ಒಣಗಿಸುವ ಕೆಲಸ ಮುಗಿದು ಸಿಮೆಂಟಿನ ಅಂಗಳ ಖಾಲಿ ಇತ್ತು. ಮೊದಲು ನನ್ನ ಪೆಟ್ಟಿಗೆ ಒಂದನ್ನೇ ಹಾಕಿದೆವು. ಸರಿಯಾಗೇ ಇತ್ತು. ಆಮೇಲೆ ಅವರದು. ರೈಟರ್ ಒಂದು ತಂತಿ ಮೀಟಿದ. ನನ್ನ ಕಾಲಡಿಯ ಸಿಮೆಂಟೇ ಗುಂಯ್ ಅಂದಿತು. ಅವನ ಮುಖ ಅರಳಿದ್ದನ್ನು ನೋಡಿದೆ. ನನ್ನ ಪೆಟ್ಟಿಗೆಯ ಮುಂದೆ ನಿಂತು ಅವನು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಎಲ್ಲರೂ ಕಾಫಿ ಕುಡಿಯಲು ಆಳುಗಳ ಮನೆಗಳಿದ್ದ ಲೈನಿನ ಕಡೆ ನಡೆದರು. ಎರಡು ಪೆಟ್ಟಿಗೆಗಳನ್ನು ಜೋಡಿಸಿಡುತ್ತೇನೆ ಅಂತ ನಾನು ಹಿಂದೆ ಉಳಿದೆ. ಜೋಡಿಸಿದೆ ಕೂಡ. ಆದರೆ ನನ್ನ ಪೆಟ್ಟಿಗೆಗೆ ಕೆಂಪು ವೈರಿನ ಜಾಗದಲ್ಲಿ ಕಪ್ಪು, ಕಪ್ಪಿನ ಜಾಗದಲ್ಲಿ ಕೆಂಪು ಹಾಕಿದೆ.

ಅವರು ಬಂದು ನುಡಿಸಿದಾಗ ತಗಡು ಬಡಿದ ಹಾಗೆ ತೆಳ್ಳಗಿನ ಸದ್ದು. ಒಂದಕ್ಕಿಂತ ಎರಡು ಕಡಿಮೆ! ಹವಾಲ್ದಾರರು ತಮ್ಮ ಪೆಟ್ಟಿಗೆಗೆ ಕಿವಿಯಿಟ್ಟರು. "ಇದೇನಿದು, ಸಮಜ್ ಮೇ ನಹೀ ಆತಾ, ಅರ್ಥವೇ ಆಗುವುದಿಲ್ಲ" ಅಂತ ಗೊಣಗಿದರು. ಒಂಟಿ ಸ್ಪೀಕರಿನ ಸೆಟ್ಟುಗಳಲ್ಲೇ ಇಪ್ಪತ್ತು ವರ್ಷ ಕಳೆದವರು; ಎರಡನ್ನು ಜೋಡಿಸಿ ಅವರಿಗೆ ಅಭ್ಯಾಸವಿರಲಿಲ್ಲ.

"ದೊಡ್ಡದಕ್ಕೂ ಸಣ್ಣದಕ್ಕೂ ಹೊಂದುವುದಿಲ್ಲ," ಅಂದೆ. "ನಿಮ್ಮ ಸ್ಪೀಕರಿನಲ್ಲೇ ಏನೋ ದೋಷ ಇರಬೇಕು."

ರೈಟರ್ ಸಪ್ಪಗಾದ. ಮದುವೆಯ ದಿನ ಹೊಸದು ಕೈಕೊಟ್ಟರೆ ಕಷ್ಟ, ಹಳೆಯದೊಂದೇ ಸಾಕು ಅಂತಾಯಿತು. ಹವಾಲ್ದಾರರು ತಮ್ಮ ಪೆಟ್ಟಿಗೆಯನ್ನು ಎತ್ತಿನ ಗಾಡಿಗೆ ಏರಿಸಿದರು. ನನಗೆ ಅವತ್ತು ಊಟ ಸೇರಿದ ಹಾಗೆ ಎಷ್ಟೋ ತಿಂಗಳಿಂದ ಸೇರಿರಲಿಲ್ಲ.

ಸೋಮವಾರಪೇಟೆಯ ಚಪ್ಪರದಲ್ಲಿ ಆರುನೂರು ಜನರ ಗದ್ದಲದ ನಡುವೆ ಬೇಸ್ ಯಾರಿಗೂ ಕೇಳಲಿಲ್ಲ. ರೈಟರ್ ಬೆರಳು ಕೆಂಪಾಗುವ ತನಕ ಮೀಟಿದ. ವಾಪಸು ಬರುವಾಗ ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದ.

ಎರಡು ದಿನ ಬಿಟ್ಟು, ಹವಾಲ್ದಾರರ ಸೋಲನ್ನು ಹತ್ತಿರದಿಂದ ನೋಡುವ ಆಸೆಯಿಂದ ಅವರ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಆ ಹದಿನೈದಿಂಚಿನ ಸ್ಪೀಕರ್ ಬಿಚ್ಚಿ ಬಿದ್ದಿತ್ತು. ಕಾಗದ ಹರಿದಿತ್ತು, ಒಳಗಿನ ಸುರುಳಿ ಹೊರಗೆ ಬಂದಿತ್ತು. ಇಲ್ಲದ ದೋಷ ಹುಡುಕಲು ಅವರು ಒಳ್ಳೆಯ ಸ್ಪೀಕರನ್ನು ಹಾಳು ಮಾಡಿಕೊಂಡಿದ್ದರು.

"ಬನ್ನಿ, ಬನ್ನಿ," ಅಂತ ಸ್ಟೂಲು ಎಳೆದುಕೊಟ್ಟರು. "ಈ ಕೆಲಸದಲ್ಲಿ ನೀವು ನನಗಿಂತ ಹಳಬರು. ಎಲ್ಲಿ ತಪ್ಪಿದೆ ಅಂತ ನೀವೇ ನೋಡಿ ಹೇಳಿ."

ಅವರು ನನ್ನನ್ನು ಹಳಬರು ಅಂದ ಮೇಲೆ ಸುಳ್ಳು ಮುಂದುವರಿಸಲು ಮನಸ್ಸಾಗಲಿಲ್ಲ. "ತಪ್ಪು ನಿಮ್ಮದರಲ್ಲಿಲ್ಲ. ನಾನು ವೈರು ತಿರುಗಿಸಿ ಹಾಕಿದ್ದೆ," ಅಂದೆ.

"ಮರೆತು?"

"ಅಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ರೈಟರಿಗೂ ನೀವೇ ಹೇಳಿ. ನನ್ನ ಬಾಯಿಂದ ಅದು ಹೋಗಬಾರದು," ಅಂದರು.

ಹೇಳಿದೆ. ರೈಟರ್ ಕೇಳಿಸಿಕೊಂಡು, "ನಿನ್ನ ಹೊಟ್ಟೆಕಿಚ್ಚನ್ನು ನನ್ನ ವಾದ್ಯದ ಮೇಲೆ ತೀರಿಸಿಕೊಂಡೆಯಲ್ಲೋ," ಅಂದ. ಆಮೇಲೆ ಕಾಫಿ ಹೂ ಬಿಟ್ಟು ಉದುರುವವರೆಗೂ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೈಸೂರಿಗೆ ಹೋಗಿ ಬೇರೆ ಸ್ಪೀಕರ್ ತಂದದ್ದು ನಾನು. ಕೂರಿಸಿದ್ದು ಹವಾಲ್ದಾರರೂ ನಾನೂ. ಹವಾಲ್ದಾರರೇ ಹೇಳಿಕಳಿಸಿ ರೈಟರನ್ನು ಮತ್ತೆ ಕಣಕ್ಕೆ ಕರೆಸಿದರು.

ಆ ದಿನ ಎರಡು ಪೆಟ್ಟಿಗೆಗಳೂ ಒಟ್ಟಿಗೆ ನುಡಿದವು. ಬೆರಳು ತಂತಿಯಿಂದ ಬಿಟ್ಟುಕೊಳ್ಳುವ ಸದ್ದು ನನ್ನದರಿಂದ, ಅದರ ಹಿಂದೆಯೇ ಏಳುವ ಆಳ ಅವರದರಿಂದ. ಒಂದೇ ಗಂಟಲಿನಿಂದ ಬಂದ ಹಾಗಿತ್ತು. ಲೈನಿನ ಹೆಂಗಸರು ಹೊರಗೆ ಬಂದು ನಿಂತರು. ರೈಟರ್ ಕಣ್ಣು ಮುಚ್ಚಿ ನುಡಿಸುತ್ತಿದ್ದ.

ನನ್ನ ಹೊಟ್ಟೆಕಿಚ್ಚು ಅವತ್ತಿಗೆ ಆರಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಾಡು ಮುಗಿದ ಮೇಲೆ ಅವನು ಕಣ್ಣು ಬಿಟ್ಟು ಮೊದಲು ಯಾರ ಕಡೆ ನೋಡುತ್ತಾನೆ ಅಂತ ಕಾಯುತ್ತಿದ್ದೆ. ಅವನು ಹವಾಲ್ದಾರರ ಕಡೆ ನೋಡಿದ. ನಾನು ಬಗ್ಗಿ ವೈರು ಸುತ್ತತೊಡಗಿದೆ.