ಯಲ್ದೂರಿನ ಮಾಳಿಗೆ ಮೇಲಿನ ಆಂಟೆನಾ

ಕೋಲಾರದ ಒಂದು ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ವಿಭಾಗದ ಹಿರಿಯ ಮೇಷ್ಟ್ರೂ ಸೇರಿ, ನಮ್ಮ ಸುತ್ತಮುತ್ತ ಸಿಡಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಕಂಡುಹಿಡಿಯುವ ಕೆಲಸಕ್ಕೆ ಕೈ ಹಾಕಿದೆವು. ಕಾಲೇಜಿನ ಮಾಳಿಗೆಯ ಮೇಲೆ ಒಂದು ಪೆಟ್ಟಿಗೆ, ಮಾಲೂರು ಕಡೆ ಟೇಕಲ್‌ನಲ್ಲಿ ಒಂದು, ಮುಳಬಾಗಿಲಿನಲ್ಲಿ ನಮ್ಮ ಮನೆಯ ಮೇಲೆ ಒಂದು, ಶ್ರೀನಿವಾಸಪುರ ಕಡೆ ಯಲ್ದೂರಿನಲ್ಲಿ ನಮ್ಮ ಸೋದರತ್ತೆಯ ಮನೆಯ ಮೇಲೆ ಒಂದು. ಸಿಡಿಲು ಹೊಡೆದಾಗ ಏಳುವ ರೇಡಿಯೋ ಅಲೆ ಈ ನಾಲ್ಕು ಪೆಟ್ಟಿಗೆಗಳನ್ನೂ ಒಂದೇ ಸಲಕ್ಕೆ ಮುಟ್ಟುವುದಿಲ್ಲ. ಹತ್ತಿರದ್ದಕ್ಕೆ ಮೊದಲು, ದೂರದ್ದಕ್ಕೆ ಆಮೇಲೆ. ಆ ವ್ಯತ್ಯಾಸ ಹಿಡಿದು ಸಿಡಿಲು ಬಿದ್ದ ಜಾಗ ಲೆಕ್ಕ ಹಾಕುವುದು, ಇಷ್ಟೇ ನಮ್ಮ ಕೆಲಸ.

ಇದಕ್ಕೆ ನಾಲ್ಕೂ ಪೆಟ್ಟಿಗೆಗಳ ಗಡಿಯಾರ ಒಂದೇ ಆಗಿರಬೇಕು. ಸೆಕೆಂಡಿನ ಕೋಟಿ ಭಾಗದಷ್ಟು ಆಚೀಚೆಯಾದರೂ ನಕ್ಷೆಯ ಮೇಲೆ ಚುಕ್ಕೆ ಪಕ್ಕದ ಹೊಲಕ್ಕೆ ಜಾರುತ್ತದೆ. ನಮ್ಮಂಥವರಿಗೆ ಅಷ್ಟು ಸೂಕ್ಷ್ಮವಾದ ಸಮಯ ಸಿಗುವುದು ಉಪಗ್ರಹಗಳಿಂದ ಮಾತ್ರ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ಉಪಗ್ರಹದ ಸಂಕೇತ ಹಿಡಿಯುವ ಒಂದು ರಿಸೀವರ್, ಒಂದು ಆಂಟೆನಾ.

ಮೊದಲು ಹಾಕಿದ್ದು ಒಂದೇ ಬ್ಯಾಂಡಿನವು, ಅಂದರೆ ಉಪಗ್ರಹ ಕಳಿಸುವ ಹಲವು ಅಲೆಗಳಲ್ಲಿ ಒಂದನ್ನು ಮಾತ್ರ ಹಿಡಿಯುವ, ಅಂಗೈಯಷ್ಟಗಲದ ಚಪ್ಪಟೆ ಆಂಟೆನಾಗಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವು ದಾರಿ ತಪ್ಪಿಸುತ್ತಿದ್ದವು. ಟೇಕಲ್ ಸ್ಟೇಷನ್ ಹತ್ತಿರ ತೆಂಗಿನ ಮರವೊಂದು ಸಿಡಿಲಿಗೆ ಸುಟ್ಟಾಗ ನಮ್ಮ ನಕ್ಷೆ ಅದನ್ನು ದೂರದ ಕೆರೆಯೊಳಗೆ ತೋರಿಸಿತು. ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

ಹೊಸದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಲವು ಬ್ಯಾಂಡಿನ ರಿಸೀವರ್‌ಗಳನ್ನು ತರಿಸಿ ಕಾಲೇಜಿನ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ಒಂದರ ಪಕ್ಕ ಒಂದಿಟ್ಟು ನೋಡಿದೆ. ಟೇಕಲ್‌ಗೂ ಒಯ್ದು ನೋಡಿದಾಗ, ಬೆಟ್ಟದ ಬಂಡೆಗೆ ಬಡಿದು ವಾಪಸು ಬರುವ ಸಂಕೇತವೂ ಚಪ್ಪಟೆ ಆಂಟೆನಾಕ್ಕೆ ನಿಜವಾದದ್ದರಂತೆಯೇ ಕಾಣುತ್ತಿತ್ತು. ಅಣಬೆಯ ಆಕಾರದ ದೊಡ್ಡ ಆಂಟೆನಾ ಹಾಗೆ ಪಕ್ಕದಿಂದ, ಕೆಳಗಿನಿಂದ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದನ್ನೇ ಆರಿಸಿದೆ.

"ಮೇಡಂ, ರಿಸೀವರ್ ಒಳ್ಳೇದು ತಗೊಳ್ಳಿ ಸಾಕು, ಆಂಟೆನಾ ಯಾವುದಾದ್ರೇನು?" ಎಂದರು ಮೇಷ್ಟ್ರು.

"ಸರ್, ಆಂಟೆನಾಗೆ ಎರಡನೇ ಬ್ಯಾಂಡ್ ಕೇಳಿಸ್ದೆ ಇದ್ರೆ ರಿಸೀವರ್‌ಗೆ ಎಲ್ಲಿಂದ ಬರುತ್ತೆ?"

ಅಂಗಡಿಯವರಿಗೂ ಇದನ್ನೇ ಹೇಳಿದ್ದೆ. ಆದರೂ ಅವರು ಕಳಿಸಿದ್ದು ಒಂದೇ ಬ್ಯಾಂಡಿನ ಆಂಟೆನಾಗಳನ್ನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ವಾಪಸು ಕಳಿಸಿ, ಜಗಳವಾಡಿ, ಸರಿಯಾದವನ್ನು ತರಿಸಿಕೊಳ್ಳುವ ಹೊತ್ತಿಗೆ ಮಾವಿನ ಮರಗಳು ಹೂ ಬಿಟ್ಟಿದ್ದವು.

ಯಲ್ದೂರಿನಲ್ಲಿ ಅದನ್ನು ಕೂರಿಸುವಾಗ ಅತ್ತೆ ಏಣಿ ಹಿಡಿದು ಕೆಳಗೆ ನಿಂತಿದ್ದರು.

"ಏಮ್ಮಾ, ಮೊನ್ನೆ ತಾನೇ ಒಂದು ಹಾಕಿದ್ಯಲ್ಲ, ಅದಕ್ಕೇನಾಯ್ತು?"

"ಅದು ಮೋಸ ಮಾಡ್ತಿತ್ತು ಅತ್ತೆ. ನೋಡು, ಕೆಸರು ದಾರೀಲಿ ಒಬ್ಬನ್ನ ನಡಕೊಂಡು ಕಳಿಸ್ತೀಯ, ಇನ್ನೊಬ್ಬನ್ನ ಸೈಕಲ್ ಮೇಲೆ ಕಳಿಸ್ತೀಯ. ಯಾರು ಎಷ್ಟು ತಡವಾಗಿ ಬಂದ್ರು ಅಂತ ನೋಡಿದ್ರೆ ದಾರೀಲಿ ಎಷ್ಟು ಕೆಸರಿತ್ತು ಅಂತ ಗೊತ್ತಾಗುತ್ತಲ್ಲ? ಹಂಗೇ ಇದೂನೂ. ಆಕಾಶದಲ್ಲೂ ಒಂಥರಾ ಕೆಸರಿರುತ್ತೆ, ಮಧ್ಯಾಹ್ನದ ಬಿಸಿಲಿಗೆ ಇನ್ನೂ ಜಾಸ್ತಿ. ಹಳೇದಕ್ಕೆ ಒಬ್ಬನೇ ಕಾಣ್ತಿದ್ದ, ಇದಕ್ಕೆ ಇಬ್ಬರೂ ಕಾಣ್ತಾರೆ."

"ಆಕಾಶದಲ್ಲಿ ಕೆಸರಾ! ನಿಮ್ಮಪ್ಪ ನಿನ್ನ ಇದಕ್ಕೇ ಓದಿಸಿದ್ನಾ?" ಎಂದು ಅತ್ತೆ ನಕ್ಕು, ನನಗೆ ಮಜ್ಜಿಗೆ ತರಲು ಒಳಗೆ ಹೋದರು.

ಹೊಸ ಆಂಟೆನಾಗಳು ಬಂದ ಮೇಲೆ ನಕ್ಷೆ ಸ್ಪಷ್ಟವಾಯಿತು. ಬೈರಕೂರಿನ ಒಂದು ಟೊಮೆಟೊ ತೋಟದಲ್ಲಿ ಸಿಡಿಲು ಬಿತ್ತೆಂದು ಪರದೆ ಹೇಳಿದರೆ, ಹೋಗಿ ನೋಡಿದಾಗ ಅದೇ ತೋಟದ ಬದುವಿನಲ್ಲಿ ಸೀಳಿದ ಮರವಿರುತ್ತಿತ್ತು. ಮಳೆ ಮೋಡ ಒಂದೂರಿನಿಂದ ಇನ್ನೊಂದೂರಿಗೆ ಸರಿಯುವುದು ಕಾಣುತ್ತಿದ್ದುದರಿಂದ ಮುಂದಿನ ಊರಿನವರಿಗೆ ಫೋನ್ ಮಾಡಿ ಎಚ್ಚರಿಸಬಹುದು ಎಂಬ ಆಸೆಯೂ ಹುಟ್ಟಿತು. ಒಂದೆರಡು ಸಲ ಹಾಗೆ ಎಚ್ಚರಿಸಿಯೂ ಇದ್ದೆವು.

ಆದರೆ ಮೇ ತಿಂಗಳ ಒಂದು ದಿನ ಮೋಡ ಎಲ್ಲಿಂದಲೂ ಸರಿದು ಬರಲಿಲ್ಲ. ಮಧ್ಯಾಹ್ನದ ಕ್ಲಾಸು ಮುಗಿಸಿ ಬಂದು ಪರದೆ ನೋಡಿದಾಗ ಜಿಲ್ಲೆಯಿಡೀ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಯಲ್ದೂರಿನ ನೆತ್ತಿಯ ಮೇಲೆಯೇ ಚುಕ್ಕೆಗಳು ಏಳತೊಡಗಿದವು. ಅಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತಿದ್ದ ಮೋಡ ಅದು. ಅತ್ತೆಗೆ ಫೋನ್ ಮಾಡಿದೆ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ಹೇಳಿತು. ಮಾವನಿಗೆ ಮಾಡಿದರೂ ಅದೇ ದನಿ. ಪಕ್ಕದ ಮನೆಯವರಿಗೆ ಮಾಡಿದೆ, ರಿಂಗೇ ಆಗಲಿಲ್ಲ.

ಫೋನ್ ಕಿವಿಗಿಟ್ಟುಕೊಂಡೇ ಪರದೆ ನೋಡುತ್ತಿದ್ದೆ. ಒಂದು ಚುಕ್ಕೆ ಅತ್ತೆಯ ತೋಟದೊಳಗೆ ಬಿತ್ತು. ಪಂಪ್ ಮನೆಯ ಹಿಂದೆ, ಬೇಲಿ ಪಕ್ಕದ ದೊಡ್ಡ ಮಾವಿನ ಮರದ ಹತ್ತಿರ. ಬೆನ್ನಿಗೇ ಯಲ್ದೂರಿನ ಪೆಟ್ಟಿಗೆಯ ಹೆಸರು ಹಸಿರಿನಿಂದ ಕೆಂಪಾಯಿತು. ಅಲ್ಲಿಂದ ಇನ್ನೇನೂ ಬರಲಿಲ್ಲ.

ಹಳೆಯ ಆಂಟೆನಾ ಆಗಿದ್ದರೆ ಪಕ್ಕದ ತೋಟವಿರಬಹುದು, ಕೆರೆಯ ಅಂಗಳವಿರಬಹುದು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಈಗ ಹಾಗೆ ಅಂದುಕೊಳ್ಳಲು ನಾನೇ ಜಾಗ ಉಳಿಸಿರಲಿಲ್ಲ. ಆ ಮರ ನನಗೆ ಗೊತ್ತು. ಅದರ ನೆರಳಿನಲ್ಲಿ ಅತ್ತೆ ಯಾವ ಹೊತ್ತಿನಲ್ಲಿ ಇರುತ್ತಾರೆಂದೂ ಗೊತ್ತು. ಮೇಷ್ಟ್ರು ಬಂದು ನನ್ನ ಮುಖ ನೋಡಿ, ಪರದೆ ನೋಡಿ, ಕಾರಿನ ಕೀ ತೆಗೆದುಕೊಂಡರು.

ಶ್ರೀನಿವಾಸಪುರದ ದಾರಿಯಲ್ಲಿ ಮಳೆ ಎದುರಾಯಿತು. ರಸ್ತೆ ಮೇಲೆ ಕೊಂಬೆಗಳು, ಗಾಳಿಗೆ ಉದುರಿದ ಕಾಯಿಗಳು. ಒಂದು ಕಡೆ ಮುರಿದ ಹುಣಸೇಮರ ಅಡ್ಡ ಬಿದ್ದು, ಮಾವಿನ ಲಾರಿಗಳು ಸಾಲಾಗಿ ನಿಂತಿದ್ದವು. ಜನ ಮರ ಕಡಿಯುತ್ತಿದ್ದರು. ನಾನು ಕೆಳಗಿಳಿದು ಮಳೆಯಲ್ಲೇ ನಿಂತು ಮತ್ತೆ ಮತ್ತೆ ಫೋನ್ ಮಾಡಿದೆ.

"ಒಳಗೆ ಕೂತ್ಕೊಳ್ಳಿ ಮೇಡಂ. ನಾವೇನ್ ಮಾಡಕ್ಕಾಗುತ್ತೆ?" ಎಂದರು ಮೇಷ್ಟ್ರು. ನಿಜವೇ. ಹೋಗಿ ಕೂತೆ.

ಯಲ್ದೂರು ಸೇರಿದಾಗ ಮಳೆ ನಿಂತು ಸಂಜೆಯ ಬಿಸಿಲು ಬಿದ್ದಿತ್ತು. ಮನೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ತೋಟದ ಕಡೆ ಓಡಿದೆ. ಅಲ್ಲಿ ಊರಿನ ಹತ್ತಾರು ಜನ ನಿಂತಿದ್ದರು. ನಡುವೆ ನೆಲದ ಮೇಲೆ ಅತ್ತೆ ಕೂತಿದ್ದರು. ಜೀವವಿತ್ತು. ಅವರ ಮುಂದೆ ಗಬ್ಬದ ಹಸು ಕಾಲು ಚಾಚಿ ಬಿದ್ದಿತ್ತು. ಕೊರಳ ಹಗ್ಗ ಇನ್ನೂ ಮರಕ್ಕೆ ಕಟ್ಟಿದ ಹಾಗೆಯೇ ಇತ್ತು.

ಎಡಗಡೆಯಿಂದ ಅತ್ತೆಯನ್ನು ಕರೆದೆ. ಅವರು ತಿರುಗಲಿಲ್ಲ.

"ಎಡಗಿವಿ ಕೇಳಿಸ್ತಾ ಇಲ್ಲ ಅವಳಿಗೆ. ಈ ಕಡೆ ಬಾ," ಎಂದರು ಮಾವ.

ಆ ಕಡೆ ಹೋಗಿ ಕೂತಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಗಾಳಿ ಎದ್ದ ತಕ್ಷಣ ಹಗ್ಗ ಬಿಚ್ಚಕ್ಕೆ ಬಂದೆ ಕಣಮ್ಮ. ಸೆರಗು ಬೇಲಿಗೆ ಸಿಕ್ಕಾಕ್ಕೊಂತು. ಬಿಡಿಸ್ಕೊಳ್ತಾ ಇದ್ದೆ, ಅಷ್ಟೇ. ಎತ್ತಿ ಬಿಸಾಕಿದಂಗಾಯ್ತು. ಕಣ್ಣು ಬಿಟ್ಟು ನೋಡಿದ್ರೆ ಇದು ಹಿಂಗೆ ಮಲಗಿತ್ತು."

ಆಮೇಲೆ ಕೇಳಿದರು: "ಎಲ್ಲಿ ಬೀಳುತ್ತೆ ಅಂತ ನಿನ್ನ ಮಿಷನ್‌ಗೆ ಗೊತ್ತಾಗುತ್ತಲ್ಲಾ?"

"ಬಿದ್ದ ಮೇಲೆ ಗೊತ್ತಾಗುತ್ತೆ ಅತ್ತೆ."

"ಬೀಳೋಕ್ ಮುಂಚೆ?"

"ಇಲ್ಲ."

ಅವರು ತಲೆಯಾಡಿಸಿ ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟರು. ನನ್ನನ್ನು ಬೈಯಲಿಲ್ಲ.

ಬೈದವರು ಉಳಿದವರು. ಪಕ್ಕದ ತೋಟದಾತ ಮಾಳಿಗೆಯ ಕಡೆ ಕೈ ತೋರಿಸಿ, "ಅದೇ ಕಣಕ್ಕ ಎಳ್ಕೊಂಡಿದ್ದು. ಇಷ್ಟು ವರ್ಷ ಈ ತೋಟಕ್ಕೆ ಬಿದ್ದಿತ್ತಾ? ದೊಡ್ಡದು ಹಾಕ್ದಾಗಿಂದ ನಂಗೆ ಅನುಮಾನ ಇತ್ತು," ಎಂದ.

ನಾನು ಎದ್ದು ನಿಂತು ವಿವರಿಸಿದೆ. ಆಂಟೆನಾ ಇರುವುದು ಮೊಣಕಾಲೆತ್ತರ, ಅದು ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕರೆಯುವುದಿಲ್ಲ, ಸಿಡಿಲು ಬಿದ್ದದ್ದು ಎಲ್ಲಕ್ಕಿಂತ ಎತ್ತರದ ಮರಕ್ಕೆ, ಮನೆಗಲ್ಲ ಎಂದೆಲ್ಲ ಹೇಳಿದೆ. ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಯಾರೂ ನಂಬಲಿಲ್ಲ. ಸತ್ತ ಹಸುವಿನ ಪಕ್ಕ ನಿಂತು ಹೇಳುವ ಮಾತೇ ಅದಲ್ಲ ಎಂದು ನನಗೂ ಅನಿಸಿತು.

ಮಾರನೆಯ ದಿನ ಅತ್ತೆಯನ್ನು ಕೋಲಾರಕ್ಕೆ ಕರೆತಂದು ತೋರಿಸಿದೆವು. ಕಿವಿಯ ತಮಟೆ ಹರಿದಿದೆ, ಕೂಡಿಕೊಳ್ಳಬಹುದು, ಮೊದಲಿನಷ್ಟು ಕೇಳಿಸುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ವಾರ ಕಳೆದು ಮಾವ ಫೋನ್ ಮಾಡಿದರು. ದನಿ ಬಹಳ ಮೆತ್ತಗಿತ್ತು.

"ನಂಗೆ ಆ ನಂಬಿಕೆ ಇಲ್ಲಮ್ಮ. ಆದ್ರೆ ಕಾಯಿ ಕೀಳೋಕೆ ಯಾರೂ ಬರಲ್ಲ ಅಂತಿದ್ದಾರೆ. ಅದು ಮೇಲಿರೋವರೆಗೂ ತೋಟದೊಳಗೆ ಕಾಲಿಡಲ್ವಂತೆ. ಏನ್ ಮಾಡ್ಲಿ ಹೇಳು?"

ನಾನೇ ಹೋಗಿ ಬಿಚ್ಚಿದೆ. ಬೋಲ್ಟುಗಳು ಬಿಗಿಯಾಗಿದ್ದವು, ನಾನೇ ಬಿಗಿ ಮಾಡಿದ್ದೆ. ಅತ್ತೆ ಈ ಸಲವೂ ಏಣಿ ಹಿಡಿದುಕೊಂಡರು. "ನಿನ್ ಕೆಲಸಕ್ಕೆ ತೊಂದರೆ ಆಗುತ್ತೇನಮ್ಮಾ?" ಎಂದು ಕೇಳಿದರು. ಇಲ್ಲವೆಂದೆ. ಸರಿಯಾಗಿ ಕೇಳಿಸದೆ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಇಲ್ಲವೆಂದೆ.

ತೊಂದರೆಯಾಯಿತು. ಪೆಟ್ಟಿಗೆಯನ್ನು ಈಗ ಶ್ರೀನಿವಾಸಪುರದಲ್ಲಿ ಮೇಷ್ಟ್ರು ಹುಡುಕಿಕೊಟ್ಟ ಬೇರೊಂದು ಮಾಳಿಗೆಯ ಮೇಲಿಟ್ಟಿದ್ದೇವೆ. ಅಲ್ಲಿ ನೀರಿನ ಟ್ಯಾಂಕೂ ಪಕ್ಕದ ಮೂರಂತಸ್ತಿನ ಮನೆಯೂ ಅರ್ಧ ಆಕಾಶವನ್ನು ಮುಚ್ಚಿವೆ. ಎಷ್ಟೇ ಒಳ್ಳೆಯ ಆಂಟೆನಾ ಆದರೂ ಕಾಣದ ಉಪಗ್ರಹವನ್ನು ಕಾಣಲಾರದು. ಆ ಕಡೆಯ ಚುಕ್ಕೆಗಳು ಮತ್ತೆ ಅಲ್ಲಿ ಇಲ್ಲಿ ಜಾರುತ್ತವೆ. ಕಂಬ ನೆಟ್ಟು ಎತ್ತರಿಸೋಣ ಎಂದರೆ ಮನೆಯ ಯಜಮಾನರು ಒಪ್ಪುವುದಿಲ್ಲ. ಯಲ್ದೂರಿನ ಸುದ್ದಿ ಅವರಿಗೂ ಮುಟ್ಟಿದೆ.

ಈಗಲೂ ಬೇಸಿಗೆಯ ಮಧ್ಯಾಹ್ನ ಆ ದಿಕ್ಕಿನಲ್ಲಿ ಮೋಡ ಕಟ್ಟಿದರೆ ಪರದೆಯನ್ನು ಕಾಯದೆ ಅತ್ತೆಗೆ ಫೋನ್ ಮಾಡುತ್ತೇನೆ. ಸಿಕ್ಕರೆ, "ಒಳಗೇ ಇದ್ದೀನಿ ಬಿಡಮ್ಮ, ಜೋರಾಗಿ ಮಾತಾಡು," ಎನ್ನುತ್ತಾರೆ. ಕೆಲವು ಸಲ ಸಿಗುವುದಿಲ್ಲ. ಆಗ ಫೋನ್ ಮೇಜಿನ ಮೇಲಿಟ್ಟು ಪರದೆಯ ಕಡೆ ತಿರುಗುತ್ತೇನೆ.