ಮಾತು ಬಾರದವಳಿಗೆ ಮದ್ದು

ನಾನು ಓದಿದ ಕಾಲೇಜು ಧಾರವಾಡದಲ್ಲೇ ಸಣ್ಣದು. ಬಿ.ಎ. ಎರಡನೇ ವರ್ಷದಲ್ಲಿ ನಾವಿದ್ದದ್ದು ಹತ್ತೊಂಬತ್ತು ಜನ, ಅದರಲ್ಲಿ ಹುಡುಗಿಯರು ಐವರು. ದೊಡ್ಡ ಕಾಲೇಜಾಗಿದ್ದರೆ ಒಂದು ಮೂಲೆಯಲ್ಲಿ ಕೂತು, ಟಿಪ್ಪಣಿ ಬರೆದುಕೊಂಡು, ಯಾರ ಕಣ್ಣಿಗೂ ಬೀಳದೆ ಪದವಿ ಮುಗಿಸಬಹುದಿತ್ತು. ಇಲ್ಲಿ ಮೂಲೆಯೇ ಇರಲಿಲ್ಲ. ನಾನು ಮಾತು ಕಡಿಮೆಯವಳು ಎಂಬುದು ಪ್ರಾಚಾರ್ಯರಿಂದ ಹಿಡಿದು ಸಿಪಾಯಿಯವರೆಗೆ ಎಲ್ಲರಿಗೂ ಗೊತ್ತಿತ್ತು. ಅದು ನನ್ನ ಸ್ವಭಾವ ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಕೆಲವರಿಗೆ ಅದು ಸೊಕ್ಕಾಗಿ ಕಂಡಿತು, ಉಳಿದವರಿಗೆ ಕಾಯಿಲೆಯಾಗಿ.

ಕಾಯಿಲೆ ಎಂದವರಲ್ಲಿ ಇತಿಹಾಸದ ಪ್ರಾಧ್ಯಾಪಕರು ಮೊದಲಿಗರು. ಒಂದು ರವಿವಾರ ಅವರು ಸೈಕಲ್ ತುಳಿದುಕೊಂಡು ರಾಯಾಪುರದ ನಮ್ಮ ಮನೆಗೇ ಬಂದುಬಿಟ್ಟರು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಅವ್ವ ಅವಲಕ್ಕಿ ತಂದಿಟ್ಟಳು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ.

"ನಿಮ್ಮ ಮಗಳು ವರ್ಗದಾಗ ಬಾಯಿನ ಬಿಚ್ಚೂದಿಲ್ರಿ," ಎಂದರು ಪ್ರಾಧ್ಯಾಪಕರು.

"ಕೇಳಿದ್ದಕ್ಕ ಉತ್ತರಾ ಕೊಡೂದಿಲ್ಲೇನ್ರಿ?"

"ಕೇಳಿದ್ರ ಕೊಡತಾಳ್ರಿ. ಬರೋಬ್ಬರಿನ ಕೊಡತಾಳ."

"ಮತ್ತ ತ್ರಾಸ ಏನೈತ್ರಿ?" ಎಂದು ಅಪ್ಪ ಕೇಳಿದ.

ಪ್ರಾಧ್ಯಾಪಕರು ಅವಲಕ್ಕಿ ಮುಗಿಸಿ ಸೈಕಲ್ ಹತ್ತಿದರು. ಸೋಮವಾರ ಚರ್ಚಾಸ್ಪರ್ಧೆಯ ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ನನ್ನನ್ನು ಕೇಳಲೇ ಇಲ್ಲ.

ಸ್ಪರ್ಧೆಯ ದಿನ ಎದ್ದು ನಿಂತೆ. ಹೆಣ್ಣುಮಕ್ಕಳು ನೌಕರಿ ಮಾಡಬೇಕು ಎಂಬುದು ನನ್ನ ಪಕ್ಷ. ಯಾಕೆ ಮಾಡಬೇಕೆಂದು ಮೂರು ವಾಕ್ಯಗಳಲ್ಲಿ ಹೇಳಿದೆ. ನಾಲ್ಕನೆಯದು ಬೇಕು ಎನಿಸಲಿಲ್ಲ, ಕೂತೆ. ಆಗ ಇಡೀ ಕಾಲೇಜು ಎದ್ದು ಚಪ್ಪಾಳೆ ತಟ್ಟಿತು, ಕುಂಟ ಎದ್ದು ನಡೆದಾಗ ತಟ್ಟುವ ಹಾಗೆ. ಒಬ್ಬ ಗೆಳತಿಯಂತೂ ನನ್ನ ಬೆನ್ನು ಸವರಿದಳು. ಬಹುಮಾನ ಬಾರದ್ದಕ್ಕೆ ಸಿಟ್ಟು ಬರಲಿಲ್ಲ, ಆ ಚಪ್ಪಾಳೆಗೆ ಬಂತು.

ಮರುದಿನ ನೇರ ಪ್ರಾಧ್ಯಾಪಕರ ಕೋಣೆಗೆ ಹೋದೆ.

"ಸರ್, ನನಗೇನೂ ಆಗಿಲ್ರಿ. ಮಾತು ಬೇಕಾದಾಗ ಆಡತೇನಿ, ಬ್ಯಾಡಾದಾಗ ಸುಮ್ಮಕಿರತೇನಿ. ನೀವು ಹೇಳೂದನ್ನ ನನ್ನಷ್ಟು ಲಕ್ಷ್ಯಗೊಟ್ಟು ಕೇಳಾವ್ರು ಈ ವರ್ಗದಾಗ ಮತ್ತ್ಯಾರೂ ಇಲ್ರಿ. ಮಾತಾಡಾವ್ರೆಲ್ಲಾ ತಮ್ಮ ಪಾಳಿ ಯಾವಾಗ ಬರತೈತಿ ಅಂತ ಕಾಯಾಕತ್ತಿರತಾರ. ನನ್ನ ಪಾಡಿಗೆ ನನ್ನ ಬಿಡ್ರಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರ ಮುಖ ಅರಳಿತು.

"ನೋಡು, ಎಷ್ಟ ಛಲೋ ಮಾತಾಡಿದಿ! ಇದನ್ನ ನಿನ್ನೆನ ಆಡಿದ್ರ ಬಹುಮಾನ ನಿನಗ ಬರತಿತ್ತು."

ನನಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ವಾರದಲ್ಲಿ ನನ್ನನ್ನು ಚರ್ಚಾಕೂಟದ ಕಾರ್ಯದರ್ಶಿ ಮಾಡಿದರು. ಎರಡು ವರ್ಷ ವರದಿ ಬರೆದೆ, ಭಾಷಣಕಾರರಿಗೆ ನೀರು ಇಟ್ಟೆ. ಅವರ ಮಾತುಗಳನ್ನೂ ಕೇಳಿದೆ, ಅದೇನೂ ಕಷ್ಟವಿರಲಿಲ್ಲ.

ಕಾಲೇಜು ಬಿಡುವಾಗ ಅದೇ ಪ್ರಾಧ್ಯಾಪಕರು ನಡತೆಯ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ಅವರ ದುಂಡನೆಯ ಅಕ್ಷರದಲ್ಲಿ, "ಮೊದಲಿಗಿಂತ ಬಹಳ ಸುಧಾರಿಸಿದ್ದಾಳೆ" ಎಂದಿತ್ತು. ಪ್ರೀತಿಯಿಂದಲೇ ಬರೆದಿದ್ದರು, ಅದರಲ್ಲಿ ಸಂಶಯವಿಲ್ಲ.

ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಂದರ್ಶನಕ್ಕೆ ಹೋದೆ. ಮುಖ್ಯೋಪಾಧ್ಯಾಯಿನಿ ಆ ಪ್ರಮಾಣಪತ್ರವನ್ನು ಎರಡು ಸಲ ಓದಿ, ದನಿ ತಗ್ಗಿಸಿ ಕೇಳಿದರು, "ಮೊದಲ ಏನಾಗಿತ್ರಿ ನಿಮಗ?"

ನೌಕರಿ ಸಿಕ್ಕಿತು. ಆದರೆ ಅದಕ್ಕಾಗಿ ಅರ್ಧ ಗಂಟೆ ಮಾತಾಡಬೇಕಾಯಿತು.